ಕಾಟಮ್ಮ ಕಿತ್ತ ಸಾಮೆ

ಕಳೆ ಕೀಳುವುದರಲ್ಲಿ ಮತ್ತೋಡಿನ ಕಾಟಮ್ಮನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇಲ್ಲ. ವಯಸ್ಸು ಐವತ್ತೆಂಟು, ಕೈ ಮಾತ್ರ ಹದಿನೆಂಟರದು. ಸಾಮೆ ಹೊಲದಲ್ಲಿ ಒಂದೇ ಒಂದು ಬೆರಕೆ ಗಿಡ ಕಂಡರೂ ಆಕೆಗೆ ಮೈಯೆಲ್ಲ ಉರಿ. ಅಂಥ ಹೊಲದ ಪಕ್ಕ ಹಾಯುವಾಗ ಮುಖ ತಿರುಗಿಸಿಕೊಳ್ಳುತ್ತಾಳೆಂದು ಊರವರು ಛೇಡಿಸುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ.

ಹೊಳಲ್ಕೆರೆಯ ಸಹನಾ ಸಾಮೆಯ ಮೇಲೆ ಸಂಶೋಧನೆ ಮಾಡಲು ಫೆಲೋಶಿಪ್ ಪಡೆದು ಮತ್ತೋಡಿಗೆ ಬಂದು, ಕಾಟಮ್ಮನ ಹೊಲಕ್ಕೆ ಅಂಟಿದ ಅರ್ಧ ಎಕರೆ ಗುತ್ತಿಗೆ ಹಿಡಿದಳು. ಬಿತ್ತಿದ್ದು ಬಹುಪಾಲು ಊರ ಸಾಮೆಯೇ. ನಡುನಡುವೆ ಹನ್ನೊಂದು ಸಾಲು ಮಾತ್ರ ಎಲ್ಲೆಲ್ಲಿಂದಲೋ ಹುಡುಕಿ ತಂದ ಅಪರೂಪದ ತಳಿಗಳು. ತೆನೆ ಬಲಿಯುವ ಹೊತ್ತಿಗೆ ಧಾರವಾಡದಲ್ಲಿ ಹತ್ತು ದಿನದ ತರಬೇತಿ ಬಂತು. "ಕಾಟಮ್ಮಾರೆ, ನಾ ಬರೋದ್ರಾಗೆ ಹೊಲ ಹಸನಾಗಿರ್ಲಿ ನೋಡ್ರಿ" ಎಂದಷ್ಟೇ ಹೇಳಿ ಹುಡುಗಿ ಬಸ್ಸು ಹತ್ತಿದಳು. ಹೇಳಬೇಕಾದ್ದನ್ನು ಹೇಳದೆ ಹೋದದ್ದು ಅವಳದೇ ತಪ್ಪು.

ಮರುದಿನವೇ ಕಾಟಮ್ಮ ಸೆರಗು ಸಿಕ್ಕಿಸಿ ಇಳಿದಳು. ಒಂದು ಸಾಲು ಗಿಡ್ಡ, ಇನ್ನೊಂದರ ಬುಡ ಕೆಂಪು, ಮತ್ತೊಂದರ ತೆನೆ ಕಪ್ಪು. ಓದಿದ ಹುಡುಗಿಗೆ ಯಾರೋ ಕೆಟ್ಟ ಬೀಜ ಕೊಟ್ಟು ಮೋಸ ಮಾಡಿದ್ದಾರೆಂದು ಆಕೆ ಮರುಗಿದಳು. ಹನ್ನೊಂದು ಸಾಲನ್ನೂ ಬೇರುಸಹಿತ ಕಿತ್ತಳು.

ಊರಿಗೆ ಮರಳಿದ ಸಹನಾ ಬದುವಿನ ಮೇಲೇ ಕುಸಿದು ಕುಳಿತಳು. ಕಿತ್ತ ಆ ಹನ್ನೊಂದು ಸಾಲೇ ಅವಳ ಸಂಶೋಧನೆ. ತಿಂಗಳೊಳಗೆ ಹಣ ಕೊಡುವ ಸಮಿತಿಗೆ ಆ ಬೀಜ ತೋರಿಸದಿದ್ದರೆ ಫೆಲೋಶಿಪ್ ನಿಂತೇಹೋಗುತ್ತದೆ. ಇದನ್ನು ಕೇಳಿ ಕಾಟಮ್ಮನಿಗೆ ಜೀವ ಬಾಯಿಗೆ ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಕೈ ತನಗೇ ಬೇಡವೆನಿಸಿತು.

"ಎಲ್ಲ ಬಿಸಾಕಿದ್ರಾ?" ಸಹನಾ ಕೇಳಿದಳು.

"ಕಾಳಿರೋ ತೆನೆ ಯಾರಾದ್ರೂ ಬಿಸಾಕ್ತಾರೇನವ್ವ? ಮನೇಗೆ ಹೋಗಾಣ ಬಾ."

ಕಾಟಮ್ಮನ ಸೂರಿನಡಿ ಹನ್ನೊಂದು ಕಟ್ಟುಗಳು ಒಂದಕ್ಕೊಂದು ತಾಕದಂತೆ ನೇತಾಡುತ್ತಿದ್ದವು. ಬೆರಕೆ ಸಹಿಸದ ಹೆಂಗಸು ಕಿತ್ತದ್ದನ್ನೂ ಬೆರೆಸಿರಲಿಲ್ಲ. "ಇದು ಬೇವಿನ ಮರದಿಂದ ಮೂರನೇ ಸಾಲು. ಇದು ಕಲ್ಲಿನ ಹತ್ರದ್ದು, ನಾಕು ದಿನ ಮೊದ್ಲೇ ಬಲಿತಿತ್ತು" ಎಂದು ಒಂದೊಂದನ್ನೇ ಮುಟ್ಟಿ ಹೇಳುತ್ತ ಹೋದಳು. ಸಹನಾ ಟಿಪ್ಪಣಿ ಪುಸ್ತಕ ತೆರೆದು ಎತ್ತರ, ಬಣ್ಣ ಎಲ್ಲ ತಾಳೆ ನೋಡಿದಳು. ಹನ್ನೊಂದೂ ಸರಿ. ಪುಸ್ತಕದಲ್ಲಿ ಇಲ್ಲದ ನಾಲ್ಕು ಸಂಗತಿ ಬೇರೆ ಸಿಕ್ಕವು. ಹುಡುಗಿ ಆಕೆಯನ್ನು ತಬ್ಬಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಕಾಟಮ್ಮನಿಗೂ ಹೋದ ಜೀವ ಬಂದಂತಾಯಿತು.

ಫೆಲೋಶಿಪ್ ಉಳಿಯಿತು. ಮುಂದಿನ ಮುಂಗಾರಿನಲ್ಲಿ ಹಿರಿಯೂರಿನಲ್ಲಿ ಬೀಜಶುದ್ಧಿಯ ತರಬೇತಿ ನಡೆದಾಗ, ಪಾಠ ಹೇಳಲು ಸಹನಾ ಕಾಟಮ್ಮನನ್ನೇ ಕರೆದುಕೊಂಡು ಹೋದಳು. ಕೃಷಿ ಪದವಿ ಓದುವ ಇಪ್ಪತ್ತು ಹುಡುಗಿಯರು ಪೆನ್ನು ಹಿಡಿದು ಕಾದಿದ್ದರು. ಶಾಲೆಯ ಮೆಟ್ಟಿಲು ಹತ್ತದ ಕಾಟಮ್ಮ ಮೈಕನ್ನು ಪಕ್ಕಕ್ಕೆ ಸರಿಸಿದಳು.

"ಈ ಹುಡುಗಿ ಹೊಲನ ನಾನು ಹಾಳು ಮಾಡಿದ್ದೆ. ಅಲ್ಲಿಂದ್ಲೇ ಶುರು ಮಾಡ್ತೀನಿ, ಬರ್ಕಳ್ರಿ."

ಇಪ್ಪತ್ತು ಜನವೂ ಬರೆದುಕೊಂಡರು.