ಗಂಗಣ್ಣನ ಸದ್ದಿಲ್ಲದ ಗಾಡಿ

ಗಂಗಣ್ಣ ಗುಟ್ಟು ಹೇಳಿದರೂ ಮಾಕಳಿಯ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. ಅಂಥ ಬಾಯಿ! ಇಂಥವನು ಸದ್ದೇ ಮಾಡದ ಗಾಡಿ ಕಟ್ಟಲು ಹೊರಟನಲ್ಲ, ಇದಕ್ಕಿಂತ ತಮಾಷೆ ಬೇಕೆ? ಅವನ ಮಹಡಿಯಲ್ಲಿ ಬಾಡಿಗೆಗಿದ್ದ ನನಗೆ ದಿನವೂ ಬಿಟ್ಟಿ ಮನರಂಜನೆ.

ಆ ಹಳೇ ಪಿಕಪ್ ಗಾಡಿಯೇ ಅವನ ಹೆಂಡತಿ ಜಯಕ್ಕನ ಜೀವನಾಧಾರ. ಮುದ್ದೆ, ಸಾರು ತುಂಬಿದ ಪಾತ್ರೆಗಳನ್ನು ಹೇರಿ, ತಾನೇ ಓಡಿಸಿಕೊಂಡು ಹೋಗಿ, ಪೀಣ್ಯದ ಕಾರ್ಖಾನೆಯೊಂದರ ಗೇಟಿನ ಮುಂದೆ ಮಧ್ಯಾಹ್ನದ ಊಟ ಮಾರುತ್ತಿದ್ದಳು. "ದುಡಿದದ್ದೆಲ್ಲಾ ಡೀಸೆಲ್‌ಗೇ ಸುರೀತಾವ್ಳೆ" ಎಂದು ಗಂಗಣ್ಣ ಒಂದು ದಿನ ಗಾಡಿಯನ್ನು ಶೆಡ್ಡಿಗೆ ಎಳೆದ. ಎಂಜಿನ್ ಇದ್ದಂತೆಯೇ ಇರಬೇಕಂತೆ, ಜೊತೆಗೆ ಕರೆಂಟಿನಲ್ಲಿ ಸದ್ದಿಲ್ಲದೆ ಓಡಿಸಲು ಬ್ಯಾಟರಿ, ಮೋಟರ್ ಕೂರಬೇಕಂತೆ. ಗುರು ಯಾರು? ಮೊಬೈಲಿನ ವಿಡಿಯೋ! "ಎರಡೇ ವಾರ ಕಣ್ಲಾ" ಎಂದವನು ಮಳೆಗಾಲ ಪೂರ್ತಿ ಗಾಡಿಯ ಅಡಿಯಲ್ಲೇ ಮಲಗಿದ. ಜಯಕ್ಕ ಆಟೋದಲ್ಲಿ ಪಾತ್ರೆ ಸಾಗಿಸಿ ತಡವಾಗಿ ತಲುಪುತ್ತಿದ್ದಳು. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ತಳ್ಳುಗಾಡಿಗೆ ಸರಿದರು.

"ಇದ್ದ ಗಾಡೀನೂ ಕೆಡಿಸಿದ್ಯಲ್ಲಣ್ಣ, ಅಕ್ಕನ ವ್ಯಾಪಾರದ ಗತಿ ಏನು?" ಎಂದು ನಾನು ಕೇಳಿದರೆ, "ನಿಂಗೇನ್ಲಾ ಗೊತ್ತು? ಲೋಕಾನೇ ಕರೆಂಟಿಗೆ ಓಯ್ತಾ ಐತೆ!" ಎಂದು ಗುಡುಗುತ್ತಿದ್ದ. ಗುಡ್ಡ ಅಗೆದು ಇಲಿ ಹಿಡಿಯುವವರಿಗೂ ಇಷ್ಟು ಜಂಬ ಇರಲಿಕ್ಕಿಲ್ಲ.

ಆಯುಧಪೂಜೆಯ ದಿನ ಮೊದಲ ಓಟ. ಚಕ್ರಕ್ಕೊಂದು ನಿಂಬೆಹಣ್ಣು, ಸುತ್ತ ಬೀದಿಯ ಜನ. ಗಂಗಣ್ಣ ಠೀವಿಯಿಂದ ಕೂತು ಕೀಲಿ ತಿರುಗಿಸಿದ. ಸದ್ದಿಲ್ಲ. ನಾವೆಲ್ಲ ಮುಸಿಮುಸಿ ನಕ್ಕೆವು. ಸದ್ದಿಲ್ಲದ ಗಾಡಿ ಕಟ್ಟಿದ ಮಹಾಶಯನೇ ಸದ್ದು ಬರಲಿಲ್ಲವೆಂದು ಕಂಗಾಲಾಗಿ ಆಕ್ಸಿಲರೇಟರ್ ಒತ್ತಿ ತುಳಿದ. ಗಾಡಿ ಚಂಗನೆ ಮುಂದೆ ನುಗ್ಗಿ, ನಿಂಬೆಹಣ್ಣಿನ ಜೊತೆಗೆ ಜಯಕ್ಕನ ಒಲೆಮನೆಯ ಗೋಡೆಯೂ ಅಪ್ಪಚ್ಚಿಯಾಯಿತು. ಮೂರ್ಖ ಶಿಖಾಮಣಿ!

ಜಯಕ್ಕ ಸೌಟು ಹಿಡಿದುಕೊಂಡೇ ಬಂದಳು. "ಸದ್ದು ಬರ್ನಿಲ್ಲ ಅಂತ ತುಳಿದ್ರಾ? ಬರ್ಬಾರ್ದು ಅಂತಾನೇ ಅಲ್ವಾ ಇಷ್ಟು ದಿನ ನನ್ನ ಒಟ್ಟೆ ಮೇಲೆ ಒಡೆದಿದ್ದು?"

ಗಂಗಣ್ಣ ಗಾಡಿಯಿಂದಿಳಿದು ಬಿದ್ದ ಇಟ್ಟಿಗೆಗಳನ್ನು ಆಯತೊಡಗಿದ.

ಆಮೇಲೆ ಗೋಡೆ ಎಬ್ಬಿಸಿದ, ಗಾಡಿಯನ್ನೂ ಸರಿಮಾಡಿದ. ಹೇಳಲು ನನಗೇ ಹೊಟ್ಟೆಯುರಿ, ಅದು ಓಡಿತು! ಜಯಕ್ಕ ಹೊತ್ತಿಗೆ ಸರಿಯಾಗಿ ಗೇಟು ಮುಟ್ಟಿದಳು, ಗಿರಾಕಿಗಳು ಮರಳಿದರು. ಗಂಗಣ್ಣನ ಬಡಾಯಿ ಮಾತ್ರ ಕಿವಿ ತೂತು ಮಾಡುವಷ್ಟಾಯಿತು. ಈ ಬೇಸಿಗೆಯಲ್ಲಿ ಎದೆನೋವೆಂದು ಕುಳಿತವನು ಏಳಲೇ ಇಲ್ಲ.

ಮೊನ್ನೆ ಆಯುಧಪೂಜೆಗೆ ಜಯಕ್ಕನೇ ನಿಂಬೆಹಣ್ಣಿಟ್ಟು ಸ್ಟೀರಿಂಗ್ ಹಿಡಿದಳು. ಕೀಲಿ ತಿರುಗಿಸಿದಾಗ ಯಾರೂ ನಗಲಿಲ್ಲ. ಮೆಲ್ಲಗೆ ತುಳಿದಳು, ಹಣ್ಣುಗಳು ಪಿಚಕ್ಕೆಂದವು, ಗಾಡಿ ನನ್ನ ಪಕ್ಕಕ್ಕೆ ಬಂದು ನಿಂತಿತು.

"ಗಾಡಿ ಚೆನ್ನಾಗಿ ಓಡ್ತಿದೆ ಅಕ್ಕ," ಎಂದೆ.

"ಓಡ್ತೈತೆ ಕಣಪ್ಪ," ಎಂದಳು. "ಬೀದೀಲೇ ಸದ್ದಿಲ್ಲ ನೋಡು."