ಇಲಿಗಳ ನೀರು ಕುಡಿದು ನೋಡಿದವರು

ಕಾಕಾ ಅವರ ಬಲಗೈಯ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ಟಗರು ಗುದ್ದಿ ಮುರಿದದ್ದು, ಯಾರೂ ನೆಟ್ಟಗೆ ಕಟ್ಟಿರಲಿಲ್ಲ. ಆ ಸೊಟ್ಟ ಬೆರಳಿನಿಂದಲೇ ಅವರು ಕಣ್ಣು ಮುಚ್ಚಿ ಬಿಳಿ ಇಲಿಗಳ ಹೊಟ್ಟೆ, ಕಂಕುಳು ಸವರುತ್ತಿದ್ದರು. ಜೋಳದ ಕಾಳಿನಷ್ಟು ಗಂಟಿದ್ದರೂ ಬೆರಳು ಅಲ್ಲೇ ನಿಲ್ಲುತ್ತಿತ್ತು.

"ಇಲ್ಲೊಂದು ಐತ್ರಿ. ಬರದ ಇಡ್ರಿ ಅಕ್ಕಾರ."

ಅವರಿಗೆ ಓದುಬರಹ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಬರೆದಿಟ್ಟದ್ದರ ಮೇಲೆ ನನಗಿಂತ ಅವರಿಗೇ ಹೆಚ್ಚು ನಂಬಿಕೆ.

ಜಮಖಂಡಿ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಪಿಎಚ್‌.ಡಿ. ಮಾಡುತ್ತಿದ್ದಾಗ ಅವರು ಅಲ್ಲಿ ಪ್ರಯೋಗದ ಇಲಿಗಳನ್ನು ಸಾಕುವ ಪ್ರಾಣಿಮನೆ ನೋಡಿಕೊಳ್ಳುತ್ತಿದ್ದರು. ಹಿಪ್ಪರಗಿಯ ಹತ್ತಿರದ ಕುರಿ ಕಾಯುವ ಮನೆತನ. ಹಣೆ ತುಂಬ ಬೀರೇಶ್ವರನ ಭಂಡಾರ, ಪೂಜೆಯ ಅರಿಸಿನ ಪುಡಿ, ಹಚ್ಚಿಕೊಂಡು ಬರುವರು. ಹೊರಗಿನ ಪುಡಿ, ವಾಸನೆ ಯಾವುದೂ ಇಲಿಗಳ ಹತ್ತಿರ ಹೋಗಬಾರದು ಎಂದು ನಾನು ಒಮ್ಮೆ ಹೇಳಿದೆ. ಅಂದಿನಿಂದ ಬಾಗಿಲಲ್ಲೇ ಹಣೆ ತೊಳೆದು ಒಳಗೆ ಹೋಗುವರು, ಸಂಜೆ ಹೊರಬಂದು ಮತ್ತೆ ಹಚ್ಚಿಕೊಳ್ಳುವರು. ದೇವರನ್ನು ಹೊರಗೆ ಕೂಡಿಸಿದೆನಲ್ಲ ಎಂದು ನನಗೆ ಸಂಕೋಚ. "ಕುಂದರ್ಲಿ ಬಿಡ್ರಿ, ಹೊರಗ ಬೇವಿನ ನೆಳ್ಳ ಛಲೋ ಐತಿ" ಎಂದು ನಗುವರು.

ಪ್ಲಾಸ್ಟಿಕ್ಕು ಮೆತ್ತಗಾಗಲೆಂದು ಅದರಲ್ಲಿ ಬೆರೆಸುವ ಒಂದು ರಾಸಾಯನಿಕದಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಒಂದು ಸಾಲಿನ ಇಲಿಗಳಿಗೆ ಅದನ್ನು ಬೆರೆಸಿದ ಆಹಾರ, ಇನ್ನೊಂದು ಸಾಲಿಗೆ ಬರೀ ಆಹಾರ. ಎರಡು ವರ್ಷ ಸಾಕಿ, ಕೊನೆಗೆ ಎಲ್ಲವನ್ನೂ ಕೊಂದು, ಕೊಯ್ದು ಎರಡೂ ಸಾಲುಗಳ ಗಂಟುಗಳನ್ನು ಹೋಲಿಸಬೇಕು. ಕಾಕಾ ಎರಡನೆಯದನ್ನು ಸಾದಾ ಸಾಲು ಎನ್ನುತ್ತಿದ್ದರು.

ಕುರಿಗೆ ನೀರು ಕುಡಿಸುವ ಮುಂಚೆ ಕುರುಬ ತಾನೊಂದು ಗುಟುಕು ಕುಡಿದು ನೋಡಬೇಕು ಎಂಬುದು ಅವರಿಗೆ ಅವರಪ್ಪ ಕಲಿಸಿದ ರೂಢಿ. ಇಲಿಗಳ ಬಾಟಲಿಗೂ ಹಾಗೇ ಮಾಡುತ್ತಿದ್ದರು. ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ದಿನಾ ನೂರಾರು ಬಾಟಲಿ ತೊಳೆದು ತುಂಬುವ ರೇಜಿಗೆ ಸಾಕಾಗಿ, ದೀಪಾವಳಿ ಮುಗಿದ ಮೇಲೆ ನಾನೇ ಮುಧೋಳದಿಂದ ಗೋಡೆ ಕಟ್ಟುವ ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ತಂದು, ನೀರಿನ ಟಾಕಿಯಿಂದ ಎರಡೂ ಸಾಲಿಗೆ ನೀರು ಹರಿಸಿದೆ. ಕಾಕಾ ಬಾಟಲಿಯ ನೀರು ಕುಡಿದು ನೋಡುವುದೂ ನಿಂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಒಂದು ಮುಂಜಾನೆ ಸಾದಾ ಸಾಲಿನ ತುದಿಯಲ್ಲಿ ಪೈಪು ಬಿಚ್ಚಿಕೊಂಡಿತ್ತು. ಕಾಕಾ ಅದನ್ನು ಕೂಡಿಸುವ ಮುಂಚೆ ಅಂಗೈಗೆ ನೀರು ಹಿಡಿದು ಬಾಯಿಗೆ ಹಾಕಿಕೊಂಡರು, ಹೊರಗೆ ಹೋಗಿ ಉಗುಳಿ ಬಂದರು.

"ಅಕ್ಕಾರ, ನೀರಿಗಿ ಹೊಸಾ ಚಪ್ಪಲಿ ವಾಸನಿ ಬರತೈತ್ರಿ."

ಮೂಗಿನ ಹತ್ತಿರ ಹಿಡಿದೆ. ಪ್ಲಾಸ್ಟಿಕ್ಕಿನದೇ ವಾಸನೆ. ಪೈಪು ಅಷ್ಟು ಮೆತ್ತಗಿದ್ದದ್ದೇ ನಾನು ಪರೀಕ್ಷಿಸುತ್ತಿದ್ದಂಥ ರಾಸಾಯನಿಕದಿಂದ. ಅದು ತಿಂಗಳುಗಟ್ಟಲೆ ನೀರಿಗಿಳಿದು ಸಾದಾ ಸಾಲಿನ ಹೊಟ್ಟೆಗೂ ಹೋಗಿತ್ತು; ಇನ್ನು ಎರಡು ಸಾಲುಗಳನ್ನು ಹೋಲಿಸುವಂತಿರಲಿಲ್ಲ. ಅದರ ಮೇಲೇ ಓದುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ. ಬರುವ ವರ್ಷ ಡಿಗ್ರಿ ಬಂದರೆ ಅದೇ ಕಾಲೇಜಿನಲ್ಲಿ ನೌಕರಿ ಎಂದು ಮಾತಾಗಿತ್ತು. ಪೈಪು ಕಿತ್ತೆಸೆದರೆ ನಮ್ಮಿಬ್ಬರ ಹೊರತು ಯಾರಿಗೂ ತಿಳಿಯದು.

"ಕಾಕಾ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ."

ಅವರು ಪೈಪು ಸುತ್ತುತ್ತ ನಿಂತರು. "ನಾ ಯಾಕ ಹೇಳ್ಲಿರಿ. ನಿಮ್ಮ ಅನ್ನದ ಪ್ರಶ್ನೆ ಐತಿ." ಆಮೇಲೆ ಪಂಜರದ ಕಡೆ ನೋಡಿ, "ಆದ್ರ ಸುಳ್ಳ ಬರಿಯೂದಿದ್ರ, ಇವು ಯಾತಕ್ಕ ಸಾಯಬೇಕ್ರಿ?" ಎಂದರು.

ನನಗೆ ಸಿಟ್ಟೇ ಬಂತು. ಆ ಇಡೀ ದಿನ ಅವರ ಜೊತೆ ಮಾತಾಡಲಿಲ್ಲ. ಮರುದಿನ ಮಾರ್ಗದರ್ಶಕರಿಗೆ ಎಲ್ಲ ಹೇಳಿದೆ. ಅವರು ಬೈದು, ಮೊದಲಿನಿಂದ ಶುರುಮಾಡು ಎಂದರು. ನೌಕರಿ ಬೇರೆಯವರ ಪಾಲಾಯಿತು. ಹೊಸ ಇಲಿಗಳು ಬಂದವು, ಗಾಜಿನ ಬಾಟಲಿಗಳು ಬಂದವು. ಕಾಕಾ ಪ್ರತಿ ದಿನವೂ ಕುಡಿದು ನೋಡಿಯೇ ಇಟ್ಟರು. ನಾನು ಬೈಯುವುದನ್ನು ಬಿಟ್ಟಿದ್ದೆ. ಆ ಎರಡು ವರ್ಷಗಳಷ್ಟು ನೆಮ್ಮದಿಯ ಮುಂಜಾವುಗಳು ನನಗೆ ಆಮೇಲೆ ಸಿಗಲಿಲ್ಲ.

ಮೊನ್ನೆ ಮೊನ್ನೆ ಅವರು ಜಮಖಂಡಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋಗಿದ್ದೆ. ಮೈಯಲ್ಲಿ ರಕ್ತವೇ ಇಲ್ಲವೆಂದು ರಕ್ತ ಹಾಕುತ್ತಿದ್ದರು. ಹಣೆಯ ಮೇಲೆ ಭಂಡಾರ ಇತ್ತು. ಸೊಟ್ಟ ಹೆಬ್ಬೆರಳಿನಿಂದ ರಕ್ತ ಬರುವ ಮೆತ್ತನೆಯ ಪ್ಲಾಸ್ಟಿಕ್ ನಳಿಗೆಯನ್ನು ಒತ್ತಿ, ಸವರಿ ನೋಡಿದರು.

"ಅಕ್ಕಾರ, ಇದೂ ಆ ಪೈಪಿನ ಜಾತೀದೇನ್ರಿ?"

ಸುಳ್ಳು ಹೇಳಬಹುದಿತ್ತು. "ಹೌದು ಕಾಕಾ" ಎಂದೆ. "ಆದ್ರ ಈಗ ನಿಮಗ ರಕ್ತ ಬೇಕ ಬೇಕ್ರಿ."

"ಹಂಗಾರ ನಾ ಸಾದಾ ಸಾಲಿನಾಂವ ಅಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಅಳು ಬಂತು. ಅವರು ನನ್ನ ಕೈ ಹಿಡಿದುಕೊಂಡು, "ಇರಲಿ. ಬರದ ಇಡ್ರಿ ಮತ್ತ" ಎಂದರು.

ಅದೇ ವಾರ ಹೋಗಿಬಿಟ್ಟರು. ಬರೆದಿಟ್ಟಿದ್ದೇನೆ, ಕಾಕಾ.