ನೊಗಕ್ಕೆ ಕಟ್ಟಿದ ಹಗ್ಗ

ತೊಂಬತ್ತರ ದಶಕದಲ್ಲಿ ಪಾಂಡವಪುರ ಸ್ಟೇಷನ್ನಿನಿಂದ ದಿನಾ ರೈಲು ಹತ್ತಿ ಮೈಸೂರಿಗೆ ಚಿತ್ರಕಲೆ ಕಲಿಯಲು ಹೋಗುತ್ತಿದ್ದೆ. ಚಿತ್ರ ಬರೆದರೆ ಸಾಲದು, ಅದರ ವಸ್ತು ಏನು, ಅರ್ಥ ಏನು ಎಂದು ಮೇಷ್ಟ್ರಿಗೆ ಒಪ್ಪಿಸಬೇಕಿತ್ತು. ಅರ್ಥ ಹೇಳುವುದರಲ್ಲಿ ನಾನು ಭಾರಿ ಜಾಣ. ಕೈಗಿಂತ ಬಾಯಿ ಚುರುಕಾಗಿತ್ತು.

ಒಮ್ಮೆ ಅಪ್ಪ ಹೊಲ ಉಳುವುದನ್ನು ಬದುವಿನ ಮೇಲೆ ಕೂತು ಗೀಚಿಕೊಂಡು, ಆಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆದೆ. ನೇಗಿಲನ್ನು ನೊಗಕ್ಕೆ ಕಟ್ಟಿದ ಹಗ್ಗ ನಡುವೆ ಇರದೆ ಬಲಗಡೆಯ ಎತ್ತಿನತ್ತ ಸರಿದಿತ್ತು. ಮೇಷ್ಟ್ರು ಅಲ್ಲಿಗೇ ಬೆರಳಿಟ್ಟು, "ಅಳತೆ ತಪ್ಪಿದೆಯಲ್ಲಪ್ಪ" ಎಂದರು. ನನ್ನ ಕಣ್ಣೇ ಮೋಸ ಮಾಡಿರಬೇಕು ಅಂದುಕೊಂಡು ಹಗ್ಗವನ್ನು ನಟ್ಟನಡುವಿಗೆ ತಂದೆ. ವಸ್ತು ಉಳುಮೆ, ಅರ್ಥ ಸಮಪಾಲಿನ ದುಡಿಮೆ ಎಂದುಬಿಟ್ಟೆ. ಎಲ್ಲರೂ ತಲೆದೂಗಿದರು.

ನಮ್ಮ ಕ್ಲಾಸಿನವರ ಚಿತ್ರಗಳನ್ನು ಶ್ರೀರಂಗಪಟ್ಟಣದಲ್ಲಿ ಪ್ರದರ್ಶನಕ್ಕಿಟ್ಟಾಗ ಅಪ್ಪನನ್ನೂ ಅಣ್ಣನನ್ನೂ ಕರೆದೆ. ಮಗ ಸುಮ್ಮನೆ ಬಣ್ಣ ಬಳಿದುಕೊಂಡು ಕೂತಿಲ್ಲ ಎಂದು ಅಪ್ಪನ ಬಾಯಲ್ಲಿ ಕೇಳುವ ಆಸೆ. ನಾನು ಮೊದಲಿನಿಂದಲೂ ಸಣಕಲ, ಗದ್ದೆ ಕೆಲಸಕ್ಕೆ ಆಗದವನು. ಅಣ್ಣ ಹತ್ತನೇ ಕ್ಲಾಸಿಗೇ ಓದು ಬಿಟ್ಟು ಬೇಸಾಯಕ್ಕೆ ಇಳಿದಿದ್ದ. ಅವತ್ತೂ ಅವನು ಕಬ್ಬಿಗೆ ನೀರು ಕಟ್ಟಲು ಉಳಿದ. ಬಸ್ಸಿನಲ್ಲಿ ಅಪ್ಪ ಒಬ್ಬರೇ ಬಂದರು.

ನನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕೇಳಿದರು:

"ಅಗ್ಗಾನ ನಡೂಕ್ಯಾಕ್ಲಾ ಕಟ್ಟಿದ್ದೀಯೆ? ನಮ್ಮ ಎಡಗಡೆ ಎತ್ತು ಬಡಕಲು ಕಣ್ಲಾ. ಅಗ್ಗಾನ ಗಟ್ಟಿ ಎತ್ತಿನ ಕಡೀಕೆ ಸರುಸ್ಬೇಕು. ಭಾರ ಅದು ಎಳ್ಕತದೆ, ಇದು ಉಸಿರಾಡ್ಕತದೆ. ಸಮಕ್ಕೆ ಕಟ್ಬುಟ್ರೆ ಇದು ಸತ್ತೋಯ್ತದೆ."

ನಾಚಿಕೆಯಿಂದ ಮುಖ ಬಿಸಿಯಾಯಿತು. ಬದುವಿನ ಮೇಲೆ ಕೂತು ಕಂಡದ್ದು ಸರಿಯಾಗಿಯೇ ಇತ್ತು. ಅಪ್ಪ ಬೇಕೆಂದೇ ಕಟ್ಟಿದ್ದನ್ನು ನಾನು ಅಳಿಸಿ, ಬಾಯಿಗೆ ಬಂದ ಅರ್ಥ ಹಚ್ಚಿದ್ದೆ.

ಪ್ರದರ್ಶನ ಮುಗಿದ ಮೇಲೆ ಚಿತ್ರವನ್ನು ಮನೆಗೆ ತಂದು ಹಗ್ಗವನ್ನು ಮತ್ತೆ ಬಲಕ್ಕೆ ಸರಿಸಿ ಬರೆದೆ. ಗದ್ದೆಯಿಂದ ಬಂದ ಅಣ್ಣ ಕೈಕಾಲು ತೊಳೆದುಕೊಂಡು ಹತ್ತಿರ ಬಂದ. ನಾನು ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಅವನ ಕಣ್ಣು ಹಗ್ಗದ ಮೇಲೆ ಹೋಗಿತ್ತು. ಹಗ್ಗದಿಂದ ಎಡಗಡೆಯ ಎತ್ತಿಗೆ, ಅಲ್ಲಿಂದ ನನ್ನ ಮುಖಕ್ಕೆ. ಬಲಗಡೆಯ ಎತ್ತನ್ನು ತೋರಿಸಿ ನಕ್ಕ.

"ಇದು ನಾನೇನ್ಲಾ?"

ಅವನ ನಗುವಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ನನಗೆ ಅಳು ಬಂತು.